ಎದೆಯಲ್ಲಿ ಹಾಲು ಕಟ್ಟಿ ಗಂಟಾಗಿದೆ. ಶಾಖವಾ, ಐಸಾ? ಮನೆಯಲ್ಲಿ ಜಗಳ ನಡೀತಿದೆ

ಹೊಸಬಾಣಂತಿ · ಮಂಗಳವಾರ, ರಾತ್ರಿ 2:40
ಮಗುವಿಗೆ ಇವತ್ತಿಗೆ 38 ದಿನ. ತವರಿನಲ್ಲಿದ್ದೇನೆ, ಅರಕಲಗೂಡಿನ ಹತ್ತಿರ ಒಂದು ಹಳ್ಳಿ. ಭಾನುವಾರ ಸಂಜೆ ಎಡಗಡೆ ಎದೆಯಲ್ಲಿ, ಕಂಕುಳಿನ ಕಡೆಗೆ, ನೆಲ್ಲಿಕಾಯಿಯಷ್ಟು ಗಂಟು ಕೈಗೆ ಸಿಕ್ಕಿತು. ಈಗ ನಿಂಬೆಹಣ್ಣಿನಷ್ಟಾಗಿದೆ. ಮುಟ್ಟಿದರೆ ಜೀವ ಹೋಗುತ್ತದೆ. ಮೇಲಿನ ಚರ್ಮ ಸ್ವಲ್ಪ ಕೆಂಪಗಿದೆ. ಜ್ವರ ಇಲ್ಲ, ಈಗ ತಾನೇ ನೋಡಿದೆ, 99.1.

ಶನಿವಾರ ರಾತ್ರಿ ಮಗು ಮೊದಲ ಸಲ ಐದು ಗಂಟೆ ಒಂದೇ ಸಮ ಮಲಗಿತ್ತು. ಮನೆಯವರೆಲ್ಲ ಖುಷಿಪಟ್ಟರು. ಬಹುಶಃ ಅದರದ್ದೇ ಫಲ ಇದು.

ಅಮ್ಮ ಹೇಳುವುದು: ಬಿಸಿನೀರಿನ ಶಾಖ ಕೊಡು, ಹರಳೆಣ್ಣೆ ಹಚ್ಚಿ ಗಟ್ಟಿಯಾಗಿ ಒತ್ತು, ಹಾಲು ಪೂರ್ತಿ ಹಿಂಡಿ ತೆಗೆ. ನೀರೆರೆಯಲು ಬರುವ ಅಜ್ಜಿ ನಿನ್ನೆ ಬೆಳಿಗ್ಗೆ ಹೆಬ್ಬೆರಳಿನಲ್ಲಿ ಒತ್ತಿದರು ನೋಡಿ, ಹಗಲಲ್ಲೇ ನಕ್ಷತ್ರ ಕಂಡವು. ಆಮೇಲೆ ಗಂಟು ಇನ್ನೂ ದಪ್ಪ ಆಯಿತು. ಬೆಂಗಳೂರಿನಲ್ಲಿರುವ ಅತ್ತಿಗೆ ಫೋನ್ ಮಾಡಿ, ಒತ್ತಲೇಬೇಡ, ಐಸ್ ಇಡು ಅಂದಳು. ಐಸ್ ಅಂದದ್ದೇ ತಡ, ಅಮ್ಮ ಫೋನ್ ಕಸಿದುಕೊಂಡರು. 'ಬಾಣಂತಿಗೆ ಐಸಾ? ಸನ್ನಿ ಹಿಡಿದರೆ ನೀನು ಬಂದು ನೋಡಿಕೊಳ್ತೀಯಾ?'

ಯಾರ ಮಾತು ಕೇಳಲಿ? ಆ ಕಡೆಯ ಹಾಲು ಮಗುವಿಗೆ ಕೊಡಬಹುದಾ? ಕೆಟ್ಟಿರುತ್ತದಾ?

ಎರಡರತಾಯಿ · 2:52
ಕೊಡಿ. ಹಾಲು ಕೆಟ್ಟಿರುವುದಿಲ್ಲ. ನಾನೂ ಎದ್ದೇ ಇದ್ದೇನೆ, ನಮ್ಮವನು ಈಗಷ್ಟೇ ತೇಗಿದ.

ಸಾಗರದ_ಶಶಿಕಲಾ · ಬೆಳಿಗ್ಗೆ 6:10
ನಿಮ್ಮ ಅಮ್ಮ ಹೇಳಿದ್ದೇ ಸರಿ. ನನಗೆ 2011ರಲ್ಲಿ ಹೀಗೇ ಆಗಿತ್ತು. ಬಿಸಿ ಟವೆಲ್ ಇಟ್ಟು, ಹಲ್ಲು ಕಚ್ಚಿಕೊಂಡು ಒತ್ತಿ, ಬಾಚಣಿಗೆಯಲ್ಲಿ ಮೇಲಿನಿಂದ ಕೆಳಕ್ಕೆ ಬಾಚಿದ್ದೆವು. ಎರಡು ದಿನದಲ್ಲಿ ಕರಗಿತು. ಆಗ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ದರು. ಈಗಿನವರು ಎಲ್ಲದಕ್ಕೂ ಮೊಬೈಲ್ ನೋಡುತ್ತಾರೆ.

ಕಾಫಿತೋಟ · 6:31
ಬಾಚಣಿಗೆ!!! ಓದಿಯೇ ನನ್ನ ಎದೆ ನೋಯುತ್ತಿದೆ.

ನರ್ಸಕ್ಕ · 7:05
ಹೆರಿಗೆ ವಾರ್ಡಿನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಶಶಿಕಲಾ ಅವರು ಹೇಳಿದ್ದು ಸುಳ್ಳಲ್ಲ. ಆಗ ನಾವೇ ಹಾಗೆ ಹೇಳಿಕೊಡುತ್ತಿದ್ದೆವು. ಶಾಖ ಕೊಡು, ಗಟ್ಟಿಯಾಗಿ ಉಜ್ಜು, ಪೂರ್ತಿ ಖಾಲಿ ಮಾಡು. ನಾನೇ ಎಷ್ಟು ಜನರನ್ನು ಅಳಿಸಿದ್ದೇನೋ, ಲೆಕ್ಕ ಇಲ್ಲ.

ಆದರೆ ಆ ಸಲಹೆ ಈಗ ಬದಲಾಗಿದೆ. ಎದೆಹಾಲಿನ ವೈದ್ಯಕೀಯಕ್ಕೇ ಮೀಸಲಾದ ಅಮೆರಿಕದ ಒಂದು ಸಂಸ್ಥೆ ಇದೆ, ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಅಂತ. ಅವರು 2022ರಲ್ಲಿ ಹಳೆಯ ಮಾರ್ಗಸೂಚಿಯನ್ನು ತೆಗೆದು ಹೊಸದು ಬರೆದರು. ಕಾರಣ ಸರಳ. ನಮ್ಮ ತಲೆಯಲ್ಲಿ ಇರುವ ಚಿತ್ರ ಏನು? ಹಾಲು ಒಳಗೆ ಗಟ್ಟಿಯಾಗಿ ಬಿರಡೆ ಥರ ಕೂತಿದೆ, ಒತ್ತಿ ಹೊರಗೆ ತಳ್ಳಬೇಕು ಅಂತ. ನಿಜವಾಗಿ ಆಗುವುದು ಹಾಗಲ್ಲ. ಹಾಲಿನ ನಾಳದ ಸುತ್ತ ಇರುವ ಭಾಗ ಊದಿಕೊಂಡು ನಾಳವನ್ನು ಹೊರಗಿನಿಂದ ಅಮುಕುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ. ಪೈಪಿನೊಳಗೆ ಕಸ ಇಲ್ಲ. ಕಾಲು ತೆಗೆಯಬೇಕು, ಅಷ್ಟೇ. ಗಟ್ಟಿಯಾಗಿ ಒತ್ತಿದರೆ ಊತ ಇನ್ನೂ ಜಾಸ್ತಿ ಆಗುತ್ತದೆ. ನಿಮಗೆ ಆಗಿದ್ದೂ ಅದೇ, ಅಜ್ಜಿ ಒತ್ತಿದ ಮೇಲೆ ಗಂಟು ದೊಡ್ಡದಾಯಿತು ಅಂದಿರಿ ಅಲ್ವಾ?

ಹಾಗಾಗಿ ಈಗ ಮಾಡಬೇಕಾದ್ದು ಇಷ್ಟು. ಮಗು ಕೇಳಿದಾಗ ಎರಡೂ ಕಡೆ ಎಂದಿನಂತೆ ಕುಡಿಸಿ. ಕುಡಿಸಿದ ಮೇಲೆ ತಣ್ಣಗಿನ ಪಟ್ಟಿ ಇಡಿ, ಐಸ್ ಆದರೆ ಬಟ್ಟೆಯಲ್ಲಿ ಸುತ್ತಿ 10 ನಿಮಿಷ, ಬರಿ ಚರ್ಮಕ್ಕೆ ಬೇಡ. ಸವರಲೇಬೇಕು ಅನ್ನಿಸಿದರೆ ಮಗುವಿನ ಕೆನ್ನೆ ಸವರುವಷ್ಟು ಹಗುರವಾಗಿ, ಕಂಕುಳಿನ ಕಡೆಗೆ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಹಾಲುಣಿಸುವವರಿಗೆ ಆಗುತ್ತವೆ. ಐಬುಪ್ರೊಫೆನ್ ಊತವನ್ನೂ ಇಳಿಸುತ್ತದೆ. ಆದರೆ ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದರೆ ಅದನ್ನು ಸುಮ್ನೆ ನುಂಗಬೇಡಿ, ಡಾಕ್ಟರನ್ನು ಕೇಳಿ.

ಜ್ವರ 101 ದಾಟಿದರೆ, ಚಳಿ ಬಂದು ಮೈಕೈ ಮುರಿದರೆ, ಕೆಂಪು ಹರಡಿದರೆ, ಒಂದು ದಿನದಲ್ಲಿ ಕಡಿಮೆ ಆಗದಿದ್ದರೆ, ಇಲ್ಲಿ ಬರೆಯುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಸಾಗರದ_ಶಶಿಕಲಾ · 7:40
ಹಾಗಾದರೆ ನಮಗೆಲ್ಲ ಹೇಗೆ ಗುಣ ಆಯಿತು? ನಮ್ಮ ಅಮ್ಮ ಐದು ಹೆತ್ತರು, ಎಲ್ಲರಿಗೂ ಹಾಲು ಕೊಟ್ಟರು.

ಎರಡರತಾಯಿ · 7:48
ಹೆಚ್ಚಿನ ಗಂಟು ಒಂದೆರಡು ದಿನದಲ್ಲಿ ತಾನಾಗಿಯೇ ಕರಗುತ್ತದೆ ಅಕ್ಕ. ಬಾಚಣಿಗೆ ಹಿಡಿದವರು ಬಾಚಣಿಗೆಯಿಂದ ಹೋಯಿತು ಅನ್ನುತ್ತಾರೆ. ನಮ್ಮ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ನನಗೂ ಎರಡೇ ದಿನಕ್ಕೆ ಹೋಯಿತು.

ಸಾಗರದ_ಶಶಿಕಲಾ · 7:55
ದೃಷ್ಟಿ ತೆಗೆದದ್ದು ತಪ್ಪಲ್ಲ. ಇರಲಿ ಬಿಡಿ.

ಡೇರಿ_ರಂಗ · 8:20
ಗಂಡಸರು ಇಲ್ಲಿ ಮಾತಾಡಬಹುದೋ ಇಲ್ಲವೋ ಗೊತ್ತಿಲ್ಲ. ಹೆಂಡತಿ ಓದುತ್ತಿದ್ದಳು, ನಾನೂ ಇಣುಕಿದೆ. ನಮ್ಮ ಮನೆಯಲ್ಲಿ ಆರು ಹಸು ಇವೆ. ಕೆಚ್ಚಲು ಬಾವು ಅಂದರೆ ನಮಗೆ ದಿನನಿತ್ಯದ ಮಾತು. ನಾವು ಆ ಮೊಲೆಯ ಹಾಲನ್ನು ದಿನಕ್ಕೆ ನಾಲ್ಕೈದು ಸಲ ಪೂರ್ತಿ ಕರೆದು ಹೊರಗೆ ಚೆಲ್ಲುತ್ತೇವೆ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುತ್ತೇವೆ. ಡೇರಿಗೆ ಹಾಕುವುದಿಲ್ಲ, ಕರುವಿಗೂ ಬಿಡುವುದಿಲ್ಲ. ಹಸುವಿಗೆ ಪೂರ್ತಿ ಕರೆಯಬೇಕು, ಹೆಂಗಸರಿಗೆ ಬೇಡ ಅಂದರೆ ಹೇಗೆ? ತಮಾಷೆಗಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಕಾಫಿತೋಟ · 8:24
ರಂಗಣ್ಣ, ದಯವಿಟ್ಟು ಯಾರಿಗೂ ಸುಣ್ಣ ಹಚ್ಚಲು ಹೇಳಬೇಡಿ.

ಡೇರಿ_ರಂಗ · 8:26
ಹಸುವಿಗೆ ಅಂದೆ ತಾಯಿ.

ನರ್ಸಕ್ಕ · 9:15
ಒಳ್ಳೆಯ ಪ್ರಶ್ನೆ. ಹಸುವಿಗೆ ಕೆಚ್ಚಲು ಬಾವು ಬರುವುದು ಮುಖ್ಯವಾಗಿ ಸೋಂಕಿನಿಂದ, ಮೊಲೆಯ ತೂತಿನಿಂದ ರೋಗಾಣು ಒಳಗೆ ಹೋಗಿ. ಇವರಿಗೆ ಈಗ ಇರುವುದು ಬರೀ ಊತ, ಸೋಂಕಿನ್ನೂ ಬಂದಿಲ್ಲ. ಇನ್ನೊಂದು, ನಿಮ್ಮ ಹಸುವನ್ನು ಜಾಸ್ತಿ ಕರೆದಷ್ಟೂ ಜಾಸ್ತಿ ಹಾಲು ಇಳಿಸುತ್ತದೆ ಅಲ್ವಾ? ಇಲ್ಲೂ ಹಾಗೇ. ಎದೆ ಲೆಕ್ಕ ಇಡುತ್ತದೆ. ಮಗು ಕುಡಿದ ಮೇಲೂ ಪಂಪ್ ಹಾಕಿ ಖಾಲಿ ಮಾಡಿದರೆ, ಓಹೋ ಇಲ್ಲಿ ಅವಳಿ ಮಕ್ಕಳಿವೆ ಅಂದುಕೊಂಡು ಇನ್ನಷ್ಟು ಹಾಲು ಮಾಡುತ್ತದೆ. ಊದಿದ ಜಾಗದಲ್ಲಿ ಇನ್ನಷ್ಟು ಹಾಲು ಬಂದರೆ ಏನಾಗುತ್ತದೆ, ನೀವೇ ಹೇಳಿ.

ಡೇರಿ_ರಂಗ · 9:30
ಅರ್ಥ ಆಯಿತು. ಹೆಂಡತಿ 'ಈಗ ಮೊಬೈಲ್ ಕೊಡು' ಅನ್ನುತ್ತಿದ್ದಾಳೆ.

ಉಡುಪಿ_ಮಲ್ಲಿಗೆ · 10:02
ಯಾರೂ ಮಲ್ಲಿಗೆ ಹೂವಿನ ವಿಷಯ ಹೇಳಲಿಲ್ಲವಲ್ಲ! ನಮ್ಮ ಕಡೆ ಎದೆ ಕಲ್ಲಾದರೆ ಮಲ್ಲಿಗೆ ಮಾಲೆಯನ್ನು ಎದೆಗೆ ಕಟ್ಟಿಕೊಳ್ಳುತ್ತಾರೆ. ನೋವು ಇಳಿಯುತ್ತದೆ.

ಅಜ್ಜಿಮೊಮ್ಮಗಳು · 10:20
ಅಯ್ಯೋ, ಹುಷಾರು! ಮಲ್ಲಿಗೆ ಕಟ್ಟುವುದು ಹಾಲು ಬತ್ತಿಸಲು. ಮಗು ಹೋದವರಿಗೆ, ಹಾಲು ಬಿಡಿಸುವವರಿಗೆ ನಮ್ಮ ಅಜ್ಜಿ ಕಟ್ಟುತ್ತಿದ್ದರು. ಇದು ಬರೀ ಅಜ್ಜಿ ಕತೆಯೂ ಅಲ್ಲ. ವೆಲ್ಲೂರಿನ ವೈದ್ಯರು ಇದನ್ನು ಹಾಲು ನಿಲ್ಲಿಸುವ ಬ್ರೊಮೊಕ್ರಿಪ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿದ್ದರು, 1988ರಲ್ಲಿ ಪ್ರಕಟವೂ ಆಗಿದೆ. ಹೂವು ಕಟ್ಟಿಕೊಂಡವರಿಗೂ ಹಾಲು ಕಡಿಮೆಯಾಯಿತು. 38 ದಿನದ ಮಗು ಇರುವವರು ಇದನ್ನು ಮಾಡಬಾರದು. ಜಡೆಗೆ ಮುಡಿದುಕೊಳ್ಳಿ ಬೇಕಾದರೆ.

ಉಡುಪಿ_ಮಲ್ಲಿಗೆ · 10:25
ಹೌದಾ? ನನಗೆ ಕಟ್ಟಿದ್ದರು ಮತ್ತೆ! ಅದಕ್ಕೇ ನನ್ನ ಮಗಳಿಗೆ ನಾಲ್ಕನೇ ತಿಂಗಳಿಗೆ ಹಾಲು ಸಾಲದೆ ಹೋಯಿತೋ ಏನೋ. ಇಷ್ಟು ವರ್ಷ ಸಬ್ಬಸಿಗೆ ಸೊಪ್ಪು ಸರಿಯಾಗಿ ತಿನ್ನಲಿಲ್ಲ ಅಂತ ನನ್ನನ್ನೇ ಬೈದಿದ್ದಾರೆ.

ಅಜ್ಜಿಮೊಮ್ಮಗಳು · 10:31
ಅದೇ ಕಾರಣ ಅಂತ ಹೇಳಲಾಗದು ಬಿಡಿ. ಆದರೆ ನಿಮ್ಮನ್ನು ಬೈದದ್ದು ಮಾತ್ರ ಅನ್ಯಾಯ.

ಕಾಫಿತೋಟ · 10:40
ಎಲೆಕೋಸು? ನನ್ನ ತಂಗಿ ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆಯನ್ನು ಬ್ರಾ ಒಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ಮಾವ ಮಧ್ಯಾಹ್ನ ಪಲ್ಯ ಏನು ಅಂತ ಕೇಳಿದರು, ಯಾರೂ ಉತ್ತರ ಕೊಡಲಿಲ್ಲ.

ನರ್ಸಕ್ಕ · 11:10
ತಣ್ಣಗಿರುತ್ತದೆ, ಹಿತವಾಗುತ್ತದೆ. ಅದಕ್ಕಿಂತ ದೊಡ್ಡ ಮಾಯೆ ಏನೂ ಇಲ್ಲ. ತೊಳೆದು ಇಡಿ, ಔಷಧಿ ಹೊಡೆದಿರುತ್ತಾರೆ.

ಹೊಸಬಾಣಂತಿ · ಮಂಗಳವಾರ, ಮಧ್ಯಾಹ್ನ 1:15
ಎಲ್ಲರಿಗೂ ಥ್ಯಾಂಕ್ಸ್. ಪೈಪಿನ ಉದಾಹರಣೆ ಅಮ್ಮನಿಗೆ ಓದಿ ಹೇಳಿದೆ. ಅಪ್ಪ ಅಡಿಕೆ ತೋಟದವರು, ತಕ್ಷಣ ಒಪ್ಪಿಬಿಟ್ಟರು. ಅಮ್ಮ ಅರ್ಧ ಒಪ್ಪಿದ್ದಾರೆ. ಐಸ್ ಬೇಡ, ಮಡಕೆ ನೀರಿನಲ್ಲಿ ಅದ್ದಿದ ಬಟ್ಟೆ ಆಗಬಹುದಂತೆ. ಹಾಗೇ ಇಡುತ್ತಿದ್ದೇನೆ, ಹಿತವಾಗಿದೆ. ನೀರೆರೆಯುವ ಅಜ್ಜಿಗೆ ಎದೆ ಬಿಟ್ಟು ಉಳಿದದ್ದು ತಿಕ್ಕಿ ಅಂದೆ. ಸಿಟ್ಟಾಗಿದ್ದಾರೆ. ನಾಳೆ ಬರುತ್ತಾರೋ ಇಲ್ಲವೋ.

ಒಂದು ಸಂಶಯ. ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆ ಕಾಣುತ್ತಿದೆ, ಸಾಸಿವೆಗಿಂತ ಚಿಕ್ಕದು. ಸೂಜಿಯಲ್ಲಿ ಚುಚ್ಚಿದರೆ ಹಾಲು ಹೊರಗೆ ಬರುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ನರ್ಸಕ್ಕ · 1:22
ಸೂಜಿ ಕೆಳಗಿಡಿ. ಗಾಯ ಆಗಿ ಸೋಂಕಿಗೆ ನೀವೇ ಬಾಗಿಲು ತೆಗೆದಂತೆ ಆಗುತ್ತದೆ. ಆ ಚುಕ್ಕೆಯೂ ಊತದ್ದೇ ಭಾಗ.

ಪುಣೆ_ಕನ್ನಡತಿ · 2:05
ನನಗೆ ತಿಂಗಳಿಗೊಮ್ಮೆ ಬರುತ್ತಿತ್ತು. ಇಲ್ಲಿ ಸೂರ್ಯಕಾಂತಿಯ ಲೆಸಿಥಿನ್ ಕ್ಯಾಪ್ಸೂಲ್ ಬರೆದುಕೊಟ್ಟರು. ಫಿಸಿಯೋಥೆರಪಿಯಲ್ಲಿ ಅಲ್ಟ್ರಾಸೌಂಡ್ ಚಿಕಿತ್ಸೆಯನ್ನೂ ಎರಡು ಸಲ ಕೊಟ್ಟರು. ಯಾವುದರಿಂದ ಕಡಿಮೆ ಆಯಿತೋ ಗೊತ್ತಿಲ್ಲ. ಆದರೆ ಅಸಲಿ ಕಳ್ಳ ಸಿಕ್ಕಿದ್ದು ಆಮೇಲೆ. ತಂತಿ ಇರುವ ಬಿಗಿ ಬ್ರಾ, ಮತ್ತು ಮಗುವನ್ನು ಕಟ್ಟಿಕೊಳ್ಳುವ ಕ್ಯಾರಿಯರಿನ ಪಟ್ಟಿ. ಪಟ್ಟಿ ಅಮುಕುವ ಜಾಗದಲ್ಲೇ ಪ್ರತಿ ಸಲ ಗಂಟು. ಎರಡನ್ನೂ ಬಿಟ್ಟ ಮೇಲೆ ಒಂದು ಸಲವೂ ಬಂದಿಲ್ಲ.

ಎರಡರತಾಯಿ · 2:20
ಬಾಣಂತಿಗೆ ಬಿಗಿಯಾಗಿ ಸೀರೆ ಸುತ್ತುತ್ತಾರಲ್ಲ, ಅದೂ ಕೆಲವರು ಎದೆಯ ತನಕ ಸುತ್ತಿಬಿಡುತ್ತಾರೆ. ಹೊಟ್ಟೆಗೆ ಸುತ್ತಿ, ಎದೆಯನ್ನು ಬಿಡಿ.

ಹೊಸಬಾಣಂತಿ · ಮಂಗಳವಾರ, ಸಂಜೆ 7:35
ಜ್ವರ ಬಂದಿದೆ. 102.2. ನಾಲ್ಕು ಗಂಟೆಗೆ ನಡುಕ ಶುರುವಾಯಿತು, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಎಡಗಡೆ ಒಂದು ಹೋಳು ಕಲ್ಲಂಗಡಿ ಇಟ್ಟ ಹಾಗೆ ಕೆಂಪಾಗಿದೆ. ಊರಿನ ಕ್ಲಿನಿಕ್ಕಿಗೆ ಹೋಗಿ ಬಂದೆವು. ಆ ಕಡೆ ಹಾಲು ಕೊಡುವುದನ್ನು ನಿಲ್ಲಿಸಿ, ಒಂದು ವಾರ ಪುಡಿ ಹಾಲು ಹಾಕಿ ಅಂದರು. ಅಮ್ಮ ಅಳುತ್ತಿದ್ದಾರೆ, ತಣ್ಣೀರು ಬಟ್ಟೆಯಿಂದಲೇ ಆಯಿತು ಅಂತ.

ನರ್ಸಕ್ಕ · 7:38
ಬಟ್ಟೆಯಿಂದ ಆದದ್ದಲ್ಲ. ಅಮ್ಮನಿಗೆ ಹೇಳಿ, ಅವರ ತಪ್ಪೂ ಅಲ್ಲ ನಿಮ್ಮದೂ ಅಲ್ಲ. ಹಾಲು ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಒಳಗೆ ತುಂಬಿಕೊಂಡು ಕೀವು ಕಟ್ಟುವ ಸಂಭವ ಹೆಚ್ಚು. ಆ ಹಾಲಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಇವತ್ತು ರಾತ್ರಿಯೇ ಹೆರಿಗೆ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಹಾಸನ ಹತ್ತಿರ ಆಗುತ್ತದೆ ಅಲ್ವಾ? ಮಗುವನ್ನೂ ಕರೆದುಕೊಂಡು ಹೋಗಿ, ದಾರಿಯಲ್ಲಿ ಕುಡಿಸಬೇಕಾಗುತ್ತದೆ.

ಡಬ್ಲಿನ್_ದೀಪು · 7:50
ದಯವಿಟ್ಟು ಹೋಗಿ. ನಾನು ಐರ್ಲೆಂಡಿನಲ್ಲಿ ಹೆತ್ತವಳು. ಇಲ್ಲಿ ಬಾಣಂತಿ ಮನೆಗೆ ಬಂದ ಕೆಲವೇ ದಿನದಲ್ಲಿ ಸರ್ಕಾರಿ ನರ್ಸ್ ಮನೆಗೇ ಬಂದು ನೋಡುತ್ತಾರೆ. ಅವರು ಎಚ್ಚರಿಸಿದ್ದರು. ಆದರೂ ನಾನು ಶೀತಜ್ವರ ಇರಬೇಕು ಅಂತ ನಾಲ್ಕು ದಿನ ತಳ್ಳಿದೆ. ಫ್ಲೂಕ್ಲಾಕ್ಸಾಸಿಲಿನ್ ಅನ್ನುವ ಆ್ಯಂಟಿಬಯಾಟಿಕ್ ಶುರು ಮಾಡುವಷ್ಟರಲ್ಲಿ ಒಳಗೆ ಕೀವು ತುಂಬಿತ್ತು. ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ ಮೂರು ಸಲ ತೆಗೆದರು. ಆಗಲೂ ಹಾಲು ನಿಲ್ಲಿಸಬೇಡ ಅಂದರು, ನಾನು ನಿಲ್ಲಿಸಲಿಲ್ಲ. ಮಗ ಈಗ ಶಾಲೆಗೆ ಹೋಗುತ್ತಾನೆ, ಮನೆಯಲ್ಲಿ ಒಂದು ಲೋಟ ಹಾಲು ಕುಡಿಯಲು ಒಂದು ಗಂಟೆ ಮಾಡುತ್ತಾನೆ, ಅದು ಬೇರೆ ವಿಷಯ.

ಸಾಗರದ_ಶಶಿಕಲಾ · 8:05
ಹೋಗಮ್ಮ, ತಡ ಮಾಡಬೇಡ. ದೇವರಿದ್ದಾನೆ. ಕಾರು ಸಿಕ್ಕಿತಾ?

ಡೇರಿ_ರಂಗ · 8:11
ಹಾಸನದಿಂದ ಇತ್ತ ಕಡೆ ಯಾರಾದರೂ ಗಾಡಿ ಬೇಕಾದರೆ ಹೇಳಿ, ನನ್ನ ಪರಿಚಯದವರಿದ್ದಾರೆ.

ಹೊಸಬಾಣಂತಿ · ಬುಧವಾರ, ಬೆಳಿಗ್ಗೆ 11:20
ಅಣ್ಣನ ಕಾರಿನಲ್ಲಿ ಹೋದೆವು. ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿ ನನಗಿಂತ ಚಿಕ್ಕವಳು. ನೋಡಿದ ಕೂಡಲೇ 'ಯಾರು ಒತ್ತಿದ್ದು?' ಅಂದಳು. ಅಮ್ಮ ಮೇಲೆ ಫ್ಯಾನ್ ನೋಡಿದರು. ಸ್ಕ್ಯಾನ್ ಮಾಡಿದರು, ಕೀವು ಇಲ್ಲ. ಹತ್ತು ದಿನಕ್ಕೆ ಆ್ಯಂಟಿಬಯಾಟಿಕ್, ನೋವಿನ ಮಾತ್ರೆ. ಎರಡೂ ಕಡೆ ಕುಡಿಸುತ್ತಲೇ ಇರಿ ಅಂದರು. ಮತ್ತೆ ಐಸ್ ಪ್ಯಾಕ್! ಈ ಸಲ ಅಮ್ಮನೇ ಕೈಯಾರೆ ಇಟ್ಟರು. 'ಡಾಕ್ಟರೇ ಹೇಳಿದ ಮೇಲೆ ಬೇರೆ.' ಅತ್ತಿಗೆಗೆ ಇದನ್ನು ಹೇಳಬೇಡ ಅಂದಿದ್ದಾರೆ.

ಪುಣೆ_ಕನ್ನಡತಿ · 11:34
ಅತ್ತಿಗೆ ಇಲ್ಲೇ ಓದುತ್ತಿದ್ದರೆ?

ಬೆಂಗಳೂರು_ಅತ್ತಿಗೆ · 11:52
ಓದುತ್ತಿದ್ದೇನೆ 🙂

ನರ್ಸಕ್ಕ · 12:10
ಹಾಹಾ. ಮಾತ್ರೆ ಮಾತ್ರ ಮಧ್ಯದಲ್ಲಿ ಬಿಡಬೇಡಿ. ಮೂರನೇ ದಿನಕ್ಕೆ ಆರಾಮ ಅನ್ನಿಸುತ್ತದೆ, ಆಗಲೇ ಎಲ್ಲರೂ ಬಿಡುವುದು. ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ ವಾಪಸ್ ಹೋಗಿ. ಗಂಟು ಪೂರ್ತಿ ಕರಗದೆ ವಾರಗಟ್ಟಲೆ ಅಲ್ಲೇ ಉಳಿದರೆ ಇನ್ನೊಂದು ಸ್ಕ್ಯಾನ್ ಬೇಕು, ಹಾಲಿನ ಗಂಟೇ ಇರಬೇಕು ಅಂತ ಬಿಡಬೇಡಿ.

ಐಟಿ_ಅಮ್ಮ · ಗುರುವಾರ, ಬೆಳಿಗ್ಗೆ 9:40
ನಡುವೆ ನನ್ನ ಗೋಳು. ನನಗೆ 26 ವಾರದ ರಜೆ ಮುಗಿದು ಕೆಲಸಕ್ಕೆ ಸೇರಿದ ಮೊದಲ ವಾರವೇ ಇದಾಯಿತು. ಬೆಳಿಗ್ಗೆ 8ಕ್ಕೆ ಹಾಲು ಕೊಟ್ಟು ಹೊರಟರೆ ಮತ್ತೆ ಸಂಜೆ 7. ಮಧ್ಯೆ ಮೀಟಿಂಗ್, ಸಿಲ್ಕ್ ಬೋರ್ಡ್, ಮತ್ತೆ ಮೀಟಿಂಗ್. ಪಂಪ್ ಮಾಡಲು ಜಾಗ ಕೇಳಿದರೆ ಸರ್ವರ್ ರೂಮ್ ತೋರಿಸಿದರು. ಅಲ್ಲಿ ಇಡೀ ಎದೆ ಐಸ್ ಆಗುತ್ತದೆ, ಬೇರೆ ಪಟ್ಟಿ ಬೇಡ.

ಅಜ್ಜಿಮೊಮ್ಮಗಳು · 10:05
ಹೆರಿಗೆ ಸೌಲಭ್ಯ ಕಾಯ್ದೆ 1961ರಲ್ಲೇ ಇತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ: ಮಗುವಿಗೆ 15 ತಿಂಗಳು ತುಂಬುವ ತನಕ, ಮಾಮೂಲಿ ವಿರಾಮ ಬಿಟ್ಟು ದಿನಕ್ಕೆ ಇನ್ನೂ ಎರಡು ಸಲ ಬಿಡುವು ಕೊಡಬೇಕು. 2017ರ ತಿದ್ದುಪಡಿಯಲ್ಲಿ ಬಂದ ನಿಯಮದಂತೆ 50 ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಎಚ್‌ಆರ್‌ಗೆ ಮೇಲ್ ಹಾಕಿ, ಬಾಯಲ್ಲಿ ಕೇಳಬೇಡಿ.

ಐಟಿ_ಅಮ್ಮ · 10:12
ಎಚ್‌ಆರ್ ಅವಿವಾಹಿತ ಹುಡುಗ. 'ಮ್ಯಾಮ್, ಯಾವ ಬ್ರೇಕ್?' ಅಂದ. ಬಿಡಿಸಿ ಹೇಳಿದ ಮೇಲೆ ಕುರ್ಚಿ ಸಮೇತ ಕೆಂಪಾದ. ಈಗ ಮೇಲ್ ಹಾಕುತ್ತೇನೆ.

ಕಾಫಿತೋಟ · 10:30
ಜಾಸ್ತಿ ಹಾಲು ಇರುವವರು ದಾನ ಮಾಡಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಕೊಡುತ್ತಾರೆ.

ನರ್ಸಕ್ಕ · 10:48
ಒಳ್ಳೆಯದೇ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾದದ್ದು ಅದು, ನಮ್ಮಲ್ಲಿ ತಡವಾಗಿ ಬಂತು. ಆದರೆ ಗಂಟು ಇರುವಾಗ ದಾನಕ್ಕೆ ಅಂತ ಜಾಸ್ತಿ ಪಂಪ್ ಮಾಡಲು ಹೊರಡಬೇಡಿ. ಗುಣ ಆದ ಮೇಲೆ.

ಹೊಸಬಾಣಂತಿ · ಶನಿವಾರ, ಸಂಜೆ 5:50
ಜ್ವರ ಗುರುವಾರವೇ ಬಿಟ್ಟಿತು. ಗಂಟು ಮತ್ತೆ ನೆಲ್ಲಿಕಾಯಿ ಗಾತ್ರಕ್ಕೆ ಇಳಿದಿದೆ, ಮುಟ್ಟಿದರೆ ಅಷ್ಟು ನೋವಿಲ್ಲ. ಮಾತ್ರೆ ಮುಂದುವರಿಸುತ್ತಿದ್ದೇನೆ. ನೀರೆರೆಯುವ ಅಜ್ಜಿ ಮೂರು ದಿನ ಬಿಟ್ಟು ಇವತ್ತು ಬಂದರು. ಎದೆ ಮುಟ್ಟಲಿಲ್ಲ. ಆದರೆ ಬೆನ್ನು ತಿಕ್ಕಿದ ರೀತಿ ನೋಡಿದರೆ ಸಿಟ್ಟು ಪೂರ್ತಿ ಹೋಗಿಲ್ಲ.

ಮಗು ನಿನ್ನೆ ರಾತ್ರಿ ಮತ್ತೆ ಐದು ಗಂಟೆ ಮಲಗಿತು. ನಾಲ್ಕನೇ ಗಂಟೆಗೆ ಎದೆ ಭಾರ ಆಗಿ ಎಚ್ಚರವಾಯಿತು. ಈ ಸಲ ಭಾರ ಇಳಿಯುವಷ್ಟು ಮಾತ್ರ ಕೈಯಲ್ಲಿ ಹಿಂಡಿ ಮಲಗಿದೆ. ಅಷ್ಟು ಸಾಕು ತಾನೇ?

ನರ್ಸಕ್ಕ · 6:15
ಅಷ್ಟೇ ಸಾಕು.

ಶಿಗ್ಗಾವಿ_ಸೊಸೆ · ಹತ್ತು ದಿನದ ನಂತರ, ರಾತ್ರಿ 1:30
ಹಳೆಯ ಚರ್ಚೆಯನ್ನು ಎಬ್ಬಿಸಿದ್ದಕ್ಕೆ ಕ್ಷಮಿಸಿ. ನನಗೂ ಬಲಗಡೆ ಗಂಟಾಗಿದೆ, ಮಗುವಿಗೆ ಮೂರು ತಿಂಗಳು. ಅತ್ತೆ ಈಗ ತಾನೇ ಎದ್ದು ಹರಳೆಣ್ಣೆ ಬಿಸಿ ಮಾಡಲು ಅಡುಗೆಮನೆಗೆ ಹೋದರು. ಏನು ಹೇಳಲಿ?

ಹೊಸಬಾಣಂತಿ · 1:34
ಪೈಪಿನ ಕತೆ ಹೇಳಿ. ಜ್ವರ ನೋಡಿದಿರಾ? ಎಷ್ಟಿದೆ?